ಮೆಟ್ಟಿಲ ಮೇಲಿಟ್ಟ ಚೊಂಬು

ಹೊನ್ನಜ್ಜಿ ಯಾರ ಮನೆಯ ಮದುವೆಗೆ ಹೋದರೂ ನಿಂತೇ ಉಣ್ಣುತ್ತಿದ್ದಳು. ಎಲೆಯನ್ನು ಎಡಗೈ ಮೇಲೆ ಹರವಿಕೊಂಡು, ಚಪ್ಪರದ ಕಂಬಕ್ಕೆ ಬೆನ್ನು ಕೊಟ್ಟು, ಅನ್ನ ಸಾರು ಮುಗಿಸಿ, ಪಾಯಸಕ್ಕೂ ಕಾಯದೆ ಹೊರಟುಬಿಡುತ್ತಿದ್ದಳು. ಕೂತ್ಕೊಳ್ಳಜ್ಜಿ ಎಂದು ಯಾರೂ ಬಾಯಿಮಾತಿಗೂ ಹೇಳುತ್ತಿರಲಿಲ್ಲ. ಹಾಗೆ ಹೇಳುವಷ್ಟು ದಡ್ಡರು ನಮ್ಮೂರಿನಲ್ಲಿ ಇರಲಿಲ್ಲ. ಅವಳು ಕೂತರೆ ಅವಳ ನೀರು ಬರುತ್ತದೆ, ಮದುವೆ ಮನೆಯ ಅಂಗಳ ಕೆಸರಾಗುತ್ತದೆ. ನೀರು ಹಿಡಿದವರು ಎಲ್ಲಿ ಕೂರುತ್ತಾರೋ ನೀರೂ ಅಲ್ಲಿಗೇ ಹೋಗಿ ಕೂರುತ್ತದೆ. ನಿಂತಿದ್ದಷ್ಟು ಹೊತ್ತು ಅಡ್ಡಿಯಿಲ್ಲ.

ನನ್ನ ಹೆಸರು ಸಾವಂತ್ರಿ. ಮೇಲ್ಬೀದಿಯ ತಿರುವಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ರಾಗಿ ಬೀಸಿ ಮುಗಿಯುವತನಕ ಜನ ಸುಮ್ಮನೆ ನಿಂತಿರುವುದಿಲ್ಲ, ಮಾತಾಡುತ್ತಾರೆ. ಗಿರಣಿಯ ಸದ್ದಿಗೆ ಗಂಟಲು ಏರಿಸಿ ಮಾತಾಡಬೇಕಾದ್ದರಿಂದ ಗುಟ್ಟುಗಳೂ ಗಟ್ಟಿಯಾಗಿಯೇ ಹೊರಬರುತ್ತವೆ. ಹಾಗಾಗಿ ಮೌನೇಶನ ಕಥೆ ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಅದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎನ್ನುವುದು ಬೇರೆ ಮಾತು.

ನಮ್ಮೂರಿನ ಅಂಗಳಗಳಲ್ಲಿ ನೀರು ಏಳುತ್ತದೆ. ಮಳೆಗಾಲದಲ್ಲಿ ಹೆಚ್ಚು, ಉಳಿದ ಕಾಲದಲ್ಲಿ ಕಡಿಮೆ, ಪೂರ್ತಿ ಇಲ್ಲದ ದಿನವೆಂಬುದಿಲ್ಲ. ಮೋರಿ ತೋಡುವುದು ಯಾರಿಗೆ ಬೇಕಾದರೂ ಬರುತ್ತದೆ. ಆದರೆ ಯಾರಾದರೂ ಕೈಯಾರೆ ಹಿಡಿಯುವತನಕ ನಮ್ಮ ನೀರು ಮೋರಿಗೆ ಕಾಲಿಡುವುದಿಲ್ಲ. ನಿಮ್ಮ ಅಂಗಳದ ನೀರನ್ನು ಚೊಂಬಿಗೆ ತುಂಬಿಕೊಂಡು ಯಾರದಾದರೂ ಮನೆಗೆ ಹೋಗಿ ಮೆಟ್ಟಿಲ ಮೇಲಿಟ್ಟು ನಿಲ್ಲಬೇಕು. ಮನಸ್ಸಿದ್ದರೆ ಅವರು ಬಂದು ಅದನ್ನೆತ್ತಿ ತಮ್ಮ ಕೈಯಿಂದ ತಮ್ಮ ಅಂಗಳಕ್ಕೆ ಸುರಿದುಕೊಳ್ಳುತ್ತಾರೆ. ಅಲ್ಲಿಂದಾಚೆಗೆ ನಿಮ್ಮ ನೀರು ಅವರದು. ಮನಸ್ಸಿಲ್ಲದಿದ್ದರೆ ಚೊಂಬನ್ನು ಮುಟ್ಟುವುದಿಲ್ಲ, ತಂದವರೇ ತಿರುಗಿ ಎತ್ತಿಕೊಂಡು ಹೋಗಬೇಕು. ಹಿಡಿಯುವವರು ಒಮ್ಮೆ ಎತ್ತಿದರೆ ಕೆಳಗಿಡುವಂತಿಲ್ಲ, ಸುರಿಯಲೇಬೇಕು. ಸುರಿದುಕೊಂಡ ಕೈ ಇರುವವರೆಗೂ ಆ ನೀರು ಆ ಕೈಯದು. ಆ ಕೈಯವರು ಸತ್ತ ದಿನ ನೀರು ಹುಟ್ಟಿದ ಅಂಗಳಕ್ಕೆ ವಾಪಸ್ಸು ಬರುತ್ತದೆ. ಖಾಲಿ ಚೊಂಬನ್ನು ಇಸಿದುಕೊಳ್ಳಲು ಹೋದಾಗ ಹಿಡಿದವರ ಕೈಗೆ ಒಂದು ಅಚ್ಚು ಬೆಲ್ಲ ಇಡಬೇಕು. ಇಷ್ಟೇ ಕಟ್ಟಳೆ. ಹೆಣ್ಣು ನೋಡಲು ಹೋದವರು ಜಾತಕಕ್ಕಿಂತ ಮೊದಲು ಆ ಮನೆಯವರು ಎಷ್ಟು ನೀರು ಹಿಡಿದಿದ್ದಾರೆಂದು ವಿಚಾರಿಸುತ್ತಾರೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಹೋಗುವವರನ್ನು ಕಂಡರೆ, ಇವರು ಆ ಊರಿನವರು ಎಂದು ಹೊರಗಿನವರೂ ಗುರುತಿಸುತ್ತಾರೆ.

ಹೊನ್ನಜ್ಜಿ ಕೆಳಬೀದಿಯ ಕೊನೆಯ ಮನೆಯಲ್ಲಿದ್ದಳು. ಮೇಲ್ಬೀದಿಯ ಅಷ್ಟೂ ಮನೆಗಳ ನೀರು ಅವಳದೇ, ನನ್ನ ಗಿರಣಿಯದೂ ಸೇರಿ. ಚೊಂಬು ತಂದವರಿಗೆ ಅವಳು ಇಲ್ಲ ಎಂದದ್ದೇ ಇಲ್ಲ. ಯಾಕೆ ಹೀಗೆ ಎಲ್ಲರದನ್ನೂ ಹಿಡಿಯುತ್ತೀಯಾ ಎಂದು ನಾವು ಕೇಳಲೂ ಇಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂಬ ಭಯ. ಅವಳ ಅಂಗಳ ಒಂದು ಕೊಳವಾಗಿ, ಬೀದಿಯಿಂದ ಮೆಟ್ಟಿಲವರೆಗೆ ಹಲಗೆ ಹಾಕಿಕೊಂಡು ಓಡಾಡುತ್ತಿದ್ದಳು. ಹಬ್ಬಕ್ಕೆ ನಾವೆಲ್ಲ ಹೋಳಿಗೆ ಕಳಿಸುತ್ತಿದ್ದೆವು. ಅದರಿಂದ ನಮ್ಮ ಮನಸ್ಸಿಗೆ ಹಗುರವಾಗುತ್ತಿತ್ತು.

ಮೌನೇಶ ಬಡಗಿ ಕಾಳಾಚಾರಿಯ ಮಗ. ಕಾಳಾಚಾರಿ ಬದುಕಿದ್ದಷ್ಟು ಕಾಲ ಒಬ್ಬರ ಚೊಂಬನ್ನೂ ಎತ್ತಿದವನಲ್ಲ. ಯಾರಾದರೂ ತಂದಿಟ್ಟು ನಿಂತರೆ, ಉಳಿ ತೊಳೆಯೋಕೆ ನೀರು ತಂದ್ಯಾ, ನಮ್ಮನೇಲೂ ಅದೆ ಎಂದು ಗೇಲಿ ಮಾಡಿ ಕಳಿಸುತ್ತಿದ್ದ. ಅವನ ಮನೆಯ ನೀರನ್ನು ಅವನ ಭಾಮೈದ ಹಿಡಿದಿದ್ದ. ಆ ಭಾಮೈದ ತೀರಿಕೊಂಡ ದಿನ ನೀರು ತಿರುಗಿ ಬಂತು, ಅದೇ ಥಂಡಿಗೆ ಕಾಳಾಚಾರಿಯೂ ಹೋದ. ಮಗನ ಪಾಲಿಗೆ ಉಳಿದದ್ದು ಒದ್ದೆ ಗೋಡೆಯ ಮನೆ ಮತ್ತು ಅಪ್ಪನ ಹೆಸರು. ಯಾವುದೂ ಮಾರುವಂತಿರಲಿಲ್ಲ.

ಅವನ ಹೆಂಡತಿ ಚಂದ್ರಿ ಹಡೆದು ಎದ್ದಾಗ ಮಳೆ ಶುರುವಾಗಿತ್ತು. ಹೆಣ್ಣು ಕೂಸು. ಹುಟ್ಟಿದಾಗ ದುಂಡಗಿದ್ದದ್ದು ತಿಂಗಳು ತುಂಬುವಷ್ಟರಲ್ಲಿ ಸೊರಗಿ, ಉಸಿರಾಡಿದರೆ ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು. ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತಿತ್ತು, ತೊಟ್ಟಿಲ ಬಟ್ಟೆಗೆ ಬೂಸ್ಟು ಹಿಡಿದಿತ್ತು. ಆಸ್ಪತ್ರೆಯ ಡಾಕ್ಟರು, ಗೋಡೆ ಒಣಗದೆ ನನ್ನ ಔಷಧಿ ಏನೂ ಮಾಡಲ್ಲಮ್ಮ ಎಂದು ಕೈ ತೊಳೆದುಕೊಂಡರು. ಮೌನೇಶ ಪಂಚೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದ.

ಅಪ್ಪನ ಹಟ ಮಗನಿಗೂ ಇತ್ತು, ಆದರೆ ಇವನದು ಕೆಲಸದ ಹಟ. ಗೋಡೆಯ ಬುಡಕ್ಕೆಲ್ಲ ಜೇಡಿಮಣ್ಣು ಹಾಕಿ ದಿಮ್ಮಿಸಿ, ಹೊರಕ್ಕೆ ಇಳಿಜಾರಾಗುವಂತೆ ಸವರಿದ. ಸೂರಿನ ನೀರು ಗೋಡೆ ಹತ್ತಿರ ಬೀಳದಂತೆ ಉದ್ದಕ್ಕೂ ತಗಡಿನ ದೋಣಿ ಕಟ್ಟಿದ. ಮನೆಯ ಸುತ್ತ ಮೊಣಕಾಲುದ್ದದ ಚರಂಡಿ ತೋಡಿ, ತೂತು ಕೊರೆದ ಪೈಪು ಮಲಗಿಸಿ, ಮೇಲೆ ಜಲ್ಲಿ ತುಂಬಿ, ಬೀದಿ ಮೋರಿಯವರೆಗೆ ಒಯ್ದ. ಇಳಿಜಾರು ಸರಿಯಿದೆಯೋ ಎಂದು ಹೆಜ್ಜೆಗೊಮ್ಮೆ ರಸಮಟ್ಟ ಇಟ್ಟು ನೋಡುತ್ತಿದ್ದ. ಅವನ ಕೆಲಸದಲ್ಲಿ ತಪ್ಪು ಹುಡುಕಲು ನಾನೂ ಗಿರಣಿ ಬಿಟ್ಟು ಹೋಗಿ ನಿಂತಿದ್ದೆ, ಸಿಗಲಿಲ್ಲ. ಪೈಪಿನ ಬಾಯಿಗೆ ಒಂದು ಗೋಲಿ ಬಿಟ್ಟ. ಗೋಲಿ ಉರುಳಿಕೊಂಡು ಹೋಗಿ ಬೀದಿಯಲ್ಲಿ ಬಿತ್ತು. ನೀರು ಮಾತ್ರ ಇಳಿಜಾರಿನ ಮೇಲೇ ನಿಂತುಕೊಂಡಿತ್ತು, ಮುನಿಸಿಕೊಂಡ ಮಗುವಿನ ಹಾಗೆ.

"ನೋಡಕ್ಕ, ಗೋಲಿ ಹೋಯ್ತದೆ, ನೀರು ಹೋಗಲ್ಲ ಅಂದ್ರೆ ಹೆಂಗೆ?" ಎಂದ.

"ಗೋಲಿನ ಯಾರೂ ಹಿಡೀಬೇಕಾಗಿಲ್ಲ ಕಣಪ್ಪ," ಎಂದೆ. "ಸುಮ್ನೆ ಚೊಂಬು ತಗೊಂಡು ಹೊರಡು. ನಿಮ್ಮಪ್ಪ ಮಾಡಿದ್ದು ನೀನು ತೀರಿಸ್ಬೇಕು."

ಅವನು ಹೊರಟ. ಮೇಲ್ಬೀದಿಯಲ್ಲಿ ಒಂದು ಮನೆ ಬಿಡದೆ ಮೆಟ್ಟಿಲ ಮೇಲೆ ಚೊಂಬಿಟ್ಟು ನಿಂತ. ಕೆಲವರು ಒಳಗಿನಿಂದಲೇ, ಕಾಳಾಚಾರಿ ಮಗನಾ, ಉಳಿ ತೊಳ್ಕೋ ಹೋಗಪ್ಪ ಎಂದು ಹಳೆಯ ಮಾತನ್ನು ತಿರುಗಿಸಿ ಕೊಟ್ಟರು. ನನ್ನ ಗಿರಣಿಯ ಮುಂದೆಯೂ ನಿಂತ. ಮೋಟರು ಇರುವ ಜಾಗ ಮಾರಾಯ, ನೀರು ಹಿಡಿಯೋದು ಹೆಂಗೆ ಎಂದೆ. ಅದು ಸುಳ್ಳೇನಲ್ಲ. ಕೊನೆಗೆ ಎಲ್ಲರೂ ಹೋಗುವ ಕಡೆಗೇ ಅವನೂ ಹೋದ. ಹಲಗೆ ದಾಟಿ ಹೊನ್ನಜ್ಜಿಯ ಮೆಟ್ಟಿಲ ಮೇಲೆ ಚೊಂಬಿಟ್ಟ.

ಹೊನ್ನಜ್ಜಿ ಬಾಗಿಲಿಗೆ ಬಂದಳು, ಚೊಂಬನ್ನು ನೋಡಿದಳು, ಎತ್ತಲಿಲ್ಲ.

"ಇಲ್ಲಿ ನೋಡು ಮಗ, ಎರಡ್ನೇ ಮೆಟ್ಲೂ ಮುಳುಗೋಯ್ತು. ಇನ್ನೊಂದು ಮನೇದು ಹಿಡಿದ್ರೆ ನಾನು ಮಲಗೋ ಜಾಗಕ್ಕೇ ಬತ್ತದೆ."

"ಕೂಸಿಗೆ ಉಸಿರಾಡಕ್ಕಾಗ್ತಿಲ್ಲ ಅಜ್ಜಿ."

"ಗೊತ್ತು ಮಗ. ಕೆಮ್ಮು ಇಲ್ಲಿಗಂಟ ಕೇಳಿಸ್ತದೆ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ತಗೊಂಡು ಹೋಗು," ಎಂದು ಮುಖ ತಿರುಗಿಸಿದಳು.

ಹೊನ್ನಜ್ಜಿ ಇಲ್ಲ ಎಂದಳಂತೆ ಎಂಬ ಸುದ್ದಿ ಗಿರಣಿಗೆ ಬಂದಾಗ ಎಲ್ಲರೂ ಅಯ್ಯೋ ಪಾಪ ಎಂದರು. ಒಳಗೊಳಗೇ ನೆಮ್ಮದಿಯೂ ಆಯಿತು. ಅವನದೂ ಸೇರಿ ಅಜ್ಜಿ ಮುಳುಗಿಹೋದರೆ ನಮ್ಮ ನೀರಿಗೆ ದಿಕ್ಕು ಯಾರು?

ಆ ಮಳೆಗಾಲ ಮುಗಿಯುವ ಮೊದಲೇ ಹೊನ್ನಜ್ಜಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಅವಳನ್ನು ನೋಡಿಕೊಳ್ಳುವವರು ಯಾರು ಎಂದು ಗಿರಣಿಯ ಮುಂದೆ ಚರ್ಚೆಯಾಯಿತು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಮೌನೇಶ, ನಾನು ನೋಡ್ಕೋತೀನಿ ಎಂದ. ಯಾಕೆ ಒಪ್ಪಿಕೊಂಡ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ನಮಗೆ ಬೇಕಾದದ್ದು ಅಜ್ಜಿ ಉಸಿರಾಡುತ್ತಿರುವುದು, ಅಷ್ಟೇ.

ಅಜ್ಜಿ ಕೊನೆಗೆ ತನ್ನ ಚೊಂಬನ್ನೂ ಎತ್ತಿಯಾಳೆಂಬ ಆಸೆ ಇಟ್ಟುಕೊಂಡೇ ಹೋದ, ನಿಜ. ಆದರೆ ಒಬ್ಬರ ಬಾಯಿ ಒರೆಸಿ, ಮಗ್ಗುಲು ತಿರುಗಿಸಿ, ಗಂಜಿ ಗುಟುಕು ಇಳಿಯಿತೋ ಇಲ್ಲವೋ ಎಂದು ಗಂಟಲನ್ನೇ ನೋಡುತ್ತ ಕೂತರೆ ಅದು ಬರೀ ಆಸೆಯಾಗಿ ಉಳಿಯುವುದಿಲ್ಲ. ಮಂಚದ ಕಾಲಿಗೆ ಕಲ್ಲು ಕೊಟ್ಟು ಎತ್ತರಿಸಿದ. ಅಜ್ಜಿಯನ್ನು ಕೂರಿಸಿ ಹೊರಗೆ ತರಲು ಕೈಯಿರುವ ಕುರ್ಚಿ ಮಾಡಿದ. ದಿನಕ್ಕೊಮ್ಮೆ ಅವಳನ್ನು ಬಾಗಿಲಿಗೆ ತಂದು ಬಿಸಿಲಿಗೆ ಕೂರಿಸಿ ಕೂದಲು ಬಾಚುತ್ತಿದ್ದ. ಅವಳು ಎಡಗೈಯಿಂದ ಅವನ ಕಿವಿ ಹಿಡಿದು ಎಳೆದು ನಗುತ್ತಿದ್ದಳು. ಇದನ್ನು ಅವನು ನನಗೆ ಹೇಳುವಾಗ ಅವನೂ ನಕ್ಕಿದ್ದ.

ಒಂದು ದಿನ ಮಧ್ಯಾಹ್ನ ಕೂಸಿನ ತುಟಿ ನೀಲಿಯಾಯಿತು. ಚಂದ್ರಿ ಕಿರುಚಿದ್ದು ನನ್ನ ಗಿರಣಿಯ ಸದ್ದಿನ ಮೇಲೂ ಕೇಳಿಸಿತು. ಬೆನ್ನು ತಟ್ಟಿ, ತಲೆಕೆಳಗು ಮಾಡಿ, ಹೇಗೋ ಉಸಿರು ತಿರುಗಿತು. ಮೌನೇಶ ಅಂಗಳದಿಂದ ಚೊಂಬಿನಲ್ಲಿ ನೀರು ಮೊಗೆದುಕೊಂಡು ಕೆಳಬೀದಿಗೆ ಓಡಿದ. ಬಾಗಿಲಲ್ಲಿ ಕುರ್ಚಿಯ ಮೇಲಿದ್ದ ಅಜ್ಜಿಯ ಬಲಗೈಯನ್ನು, ಆ ಸತ್ತ ಕೈಯನ್ನು, ಎತ್ತಿ ಚೊಂಬಿನ ಕತ್ತಿಗೆ ಸುತ್ತಿದ. ಬೆರಳು ನಿಲ್ಲಲಿಲ್ಲ. ಬೆರಳ ಮೇಲೆ ತನ್ನ ಬೆರಳಿಟ್ಟು ಬಿಗಿದ. ಅಜ್ಜಿ ತಲೆಯಾಡಿಸಿದಳು, ಬೇಡ ಬೇಡ ಎಂದು. ಎಡಗೈಯಿಂದ ಅವನ ಮಣಿಕಟ್ಟನ್ನು ದೂಡಿದಳು. ಅವನಿಗೆ ಅಳು ಬಂತು. "ನನ್ನನ್ನ ಬಯ್ಯಿ ಅಜ್ಜಿ, ಶಾಪ ಹಾಕು, ಇದೊಂದು ಹಿಡಿದುಬಿಡು," ಎನ್ನುತ್ತ ಚೊಂಬನ್ನು ಬಗ್ಗಿಸಿದ. ಅಜ್ಜಿಯ ಕೈ, ಅಜ್ಜಿಯ ಮೆಟ್ಟಿಲು, ಅಜ್ಜಿಯ ಅಂಗಳ. ಇನ್ನೇನು ಬೇಕು ಎಂದುಕೊಂಡ.

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಗ, ಮೇಲೆ ಅವನ ಮನೆಯ ಜಲ್ಲಿಯ ಕೆಳಗೆ ಗುಳುಗುಳು ಸದ್ದಾಯಿತು. ಪೈಪು ಹರಿಯಿತು. ಚಂದ್ರಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಓಡಿಬಂದು, ಹೊಂಟೋಯ್ತು ಅಕ್ಕ, ನೀರು ಹೊಂಟೋಯ್ತು ಎಂದಳು. ಸಾಯಂಕಾಲ ಮೌನೇಶ ಮನೆಗೆ ಬಂದ, ಜಗಲಿಯ ಮೇಲೆ ಕಾಲು ಚಾಚಿ ಕೂತ, ಕಾಫಿ ಕುಡಿದ. ಲೋಟ ಕೆಳಗಿಡುವಷ್ಟರಲ್ಲಿ ಅಂಗಳ ಮತ್ತೆ ಒದ್ದೆಯಾಗಿತ್ತು. ಬೆಳಗಾಗುವಾಗ ಮೊದಲಿನಷ್ಟೇ ನೀರು.

ಪೈಪು ಕಟ್ಟಿಕೊಂಡಿದೆ ಎಂದುಕೊಂಡ. ಜಲ್ಲಿ ಎತ್ತಿ ಪೈಪು ಬಿಡಿಸಿ ತೊಳೆದು ಮತ್ತೆ ಹೂತ. ಅಜ್ಜಿಗೆ ಗಂಜಿ ಕುಡಿಸಲು ಹೋದ ಹೊತ್ತಿನಲ್ಲಿ ನೀರು ಇಳಿದುಹೋಗುತ್ತಿತ್ತು, ಅವನು ಬಂದು ಕೂತ ಮೇಲೆ ಏರುತ್ತಿತ್ತು. ಮಣ್ಣಿನ ಇಳಿಜಾರನ್ನು ಇನ್ನಷ್ಟು ಕಡಿದು ಮಾಡಿದ. ಬೀದಿ ಮೋರಿಯನ್ನೂ ಗೋರಿದ. ಚಂದ್ರಿ ಒಂದು ವಾರ ನೋಡಿದಳು, ಆಮೇಲೆ ಬೀಸಲು ಏನೂ ಇಲ್ಲದೆ ಗಿರಣಿಗೆ ಬಂದು ನಿಂತಳು.

"ಅಕ್ಕ, ಇವ್ರು ಮನೇಲಿ ಕೂತ್ರೆ ನೀರು ಬತ್ತದೆ. ಹೋದ್ರೆ ಹೋಯ್ತದೆ."

ನಾನು ಮೋಟರು ನಿಲ್ಲಿಸಿದೆ. "ಆವತ್ತು ಅಜ್ಜಿ ಕೈ ಹಿಡಿತಿತ್ತಾ ಚಂದ್ರಿ?"

"ಅಜ್ಜಿ ಕೈಲೇನದೆ ಅಕ್ಕ. ಹಿಡ್ಕೊಂಡಿದ್ದು ಇವ್ರು." ಹೇಳಿದ ಮೇಲೆ ತಾನೇ ಹೇಳಿದ್ದನ್ನು ಕೇಳಿಸಿಕೊಂಡವಳಂತೆ ಅವಳು ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟಳು.

ಅಜ್ಜಿ ತಲೆಯಾಡಿಸಿದ್ದು ತನ್ನ ಮನೆ ಮುಳುಗುತ್ತದೆಂದು ಅಲ್ಲ. ಮಾತು ಇದ್ದಿದ್ದರೆ ಹೇಳುತ್ತಿದ್ದಳು, ಬಿಡು ಮಗ, ಇದು ನಿನ್ನ ಕೈ ಎಂದು. ಮೌನೇಶ ಹೋಗಿ ಅವಳ ಮುಂದೆ ಕೂತು, ಹಿಡಿದದ್ದು ನಾನಾ ಅಜ್ಜಿ ಎಂದು ಕೇಳಿದನಂತೆ. ಅವಳು ಎಡಗೈಯಿಂದ ಅವನ ಅಂಗೈ ತಿರುಗಿಸಿ, ಬೆರಳೊಂದೊಂದನ್ನೂ ಸವರಿ ಅತ್ತಳಂತೆ.

ತನ್ನ ಮನೆಯ ನೀರನ್ನು ತಾನೇ ಹಿಡಿದುಕೊಂಡವನ ಸುದ್ದಿ ನಮ್ಮೂರಿನಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಕೆಲವರು ನಕ್ಕರು. ನಾನೂ ನಕ್ಕಿರಬಹುದು. ಮೌನೇಶ ಹಾಸಿಗೆ ಸುತ್ತಿಕೊಂಡು ಹೊನ್ನಜ್ಜಿಯ ಮನೆಗೆ ಹೋದ. ಮೇಲಿನ ಮನೆ ಒಣಗಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಗೋಡೆಯ ಸುಣ್ಣ ಬಿಳಿಯಾಗಿ, ಕೂಸಿನ ಎದೆಯ ಸದ್ದು ಅಡಗಿ, ಕೆನ್ನೆ ತುಂಬಿಕೊಂಡಿತು. ಯಾವುದಕ್ಕಾಗಿ ಅಷ್ಟು ಪಾಡುಪಟ್ಟನೋ ಅದು ಮನೆಯವರಿಗೆಲ್ಲ ಸಿಕ್ಕಿತು, ಅವನೊಬ್ಬನನ್ನು ಬಿಟ್ಟು.

ಬಡಗಿ ಕೆಲಸ ಕೂತು ಮಾಡುವಂಥದ್ದು. ಅವನು ಮೇಜು ಎತ್ತರ ಮಾಡಿಕೊಂಡು ನಿಂತು ಮಾಡಲು ಕಲಿತ. ಗಿರಾಕಿಗಳ ಮನೆಗೆ ಕುರ್ಚಿ ಒಯ್ದು ಇಳಿಸಿ, ಗಟ್ಟಿಯಾಗಿದೆಯೋ ನೋಡಲು ತಾನು ಕೂರದೆ ಅವರನ್ನೇ ಕೂರಿಸಿ ನೋಡುತ್ತಿದ್ದ. ದಿನಾ ಮಧ್ಯಾಹ್ನ ಮೇಲಿನ ಮನೆಗೆ ಬಂದು ಅಂಗಳದಲ್ಲಿ ನಿಂತು ಮಗಳನ್ನು ಎತ್ತಿಕೊಳ್ಳುತ್ತಿದ್ದ. ಮಗಳಿಗೆ ಅವನ ಹೆಗಲ ಮೇಲೇ ಹಲ್ಲು ಬಂತು, ಹೆಗಲ ಮೇಲೇ ಅವಳು ಮಾತು ಕಲಿತಳು. ಅಪ್ಪ ಎಂದದ್ದಾದ ಮೇಲೆ ಅವಳು ಕಲಿತ ಮಾತು ಕೂತ್ಕೊ ಎಂಬುದು. ನೆಲಕ್ಕೆ ಕೈ ಬಡಿದು, ಅಪ್ಪ ಕೂತ್ಕೊ, ಅಪ್ಪ ಕೂತ್ಕೊ ಎನ್ನುತ್ತಿದ್ದಳು, ಆನೆಯಾಟಕ್ಕೆ. ಅವನು ಆಮೇಲೆ ಕಣವ್ವ ಎಂದು ಕೆಳಬೀದಿಯ ದಾರಿ ಹಿಡಿಯುತ್ತಿದ್ದ. ಅವನು ಹೋಗುವುದನ್ನು ನಾನು ಗಿರಣಿಯ ಬಾಗಿಲಿನಿಂದ ನೋಡುತ್ತಿದ್ದೆ.

ಎರಡು ವರ್ಷ ಕಳೆದು ಮತ್ತೆ ಮಳೆ ಹಿಡಿದ ಮೇಲೆ ಹೊನ್ನಜ್ಜಿ ಸತ್ತಳು. ಮೌನೇಶನೇ ಮಗನಾಗಿ ಎಲ್ಲ ಮಾಡಿದ. ಮಣ್ಣು ಮಾಡಿ ನಾವು ಬೀದಿ ಹತ್ತಿ ಬರುವಾಗಲೇ ನಮ್ಮ ನೀರು ನಮ್ಮ ಮುಂದೆ ಮುಂದೆ ಏರಿ ಹೋಗುತ್ತಿತ್ತು. ಮೋರಿಗಳಲ್ಲಿ ಮೇಲ್ಮುಖವಾಗಿ, ಅವಸರವಿಲ್ಲದೆ, ದಾರಿ ಮರೆಯದ ದನಗಳ ಹಾಗೆ ಒಂದೊಂದು ಮನೆಗೆ ತಿರುಗಿಕೊಂಡಿತು. ನನ್ನ ಗಿರಣಿಯ ನೆಲದ ಮೇಲೆ ಪಾದ ಮುಳುಗುವಷ್ಟು ನಿಂತಿತು. ಮೋಟರನ್ನು ಇಟ್ಟಿಗೆ ಮೇಲೆ ಎತ್ತಿಟ್ಟೆ. ಮೂಟೆಗಳ ರಾಗಿ ಮೊಳಕೆಯೊಡೆಯಿತು. ಮೇಲ್ಬೀದಿಯಲ್ಲಿ ಮನೆಮನೆಯಿಂದಲೂ ಕೆಮ್ಮು ಕೇಳಿಸತೊಡಗಿತು.

ಕೆಳಗೆ ಹೊನ್ನಜ್ಜಿಯ ಅಂಗಳದಲ್ಲಿ ಉಳಿದದ್ದು ಮೌನೇಶನ ಮನೆಯ ನೀರು ಮಾತ್ರ, ಅಂಗೈ ದಪ್ಪ. ಎಷ್ಟೋ ವರ್ಷದ ಮೇಲೆ ನೆಲ ಕಂಡಿತು. ಒಂದು ಒರಳುಕಲ್ಲು, ಮುರಿದ ತುಳಸಿಕಟ್ಟೆ, ಮತ್ತೆ ಕೆಸರಿನಲ್ಲಿ ಹೂತಿದ್ದ ಚೊಂಬುಗಳು. ಹಿತ್ತಾಳೆಯವು, ತಾಮ್ರದವು, ಸ್ಟೀಲಿನವು. ನೀರು ಕೊಟ್ಟು ಹೋದ ನಾವು ಬೆಲ್ಲ ಹಿಡಿದು ಚೊಂಬು ವಾಪಸ್ಸು ತರಲು ಹೋಗಿರಲಿಲ್ಲ. ಹೋದರೆ ಅವಳ ಮುಖ ನೋಡಬೇಕಲ್ಲ. ಮೌನೇಶ ಅಷ್ಟನ್ನೂ ಕಿತ್ತು, ಹುಣಿಸೆಹಣ್ಣು ಹಾಕಿ ತಿಕ್ಕಿ, ಗುರುತು ಹಿಡಿದು ಅವರವರ ಮನೆಗೆ ತಲುಪಿಸಿದ. ಅಂಚು ನೆಗ್ಗಿದ ನನ್ನ ಚೊಂಬನ್ನು ಗಿರಣಿಯ ಬಾಗಿಲಲ್ಲಿ ನಿಂತು ಕೊಟ್ಟ.

ಆಗ ಅವನ ಮುಖದಲ್ಲಿ ಗೆಲುವಿತ್ತು. "ಅಕ್ಕ, ಈಗ ನೀರು ನನ್ನ ಮಾತು ಕೇಳ್ತದೆ," ಎಂದ. "ಹಿಡಿದಿರೋನು ನಾನೇ ತಾನೆ? ಹುಟ್ಟಿದ ಅಂಗಳದಲ್ಲಾದ್ರೆ ಜಗ್ಗಲ್ಲ, ಅಜ್ಜಿ ಅಂಗಳದಲ್ಲಿ ಎತ್ತ ಇಳಿಜಾರು ಮಾಡಿದ್ರೆ ಅತ್ತ ಹೋಯ್ತದೆ. ಒಂದು ಮನೆ ನೀರು ಎಷ್ಟು ಮಹಾ. ಗೋಡೆ ಬುಡಕ್ಕೆ ಮಣ್ಣು ಏರಿಸ್ತೀನಿ, ಹಿತ್ತಲ ಮೂಲೇಲಿ ಇಂಗುಗುಂಡಿ ತೋಡ್ತೀನಿ. ಗೋಡೆ ಒಣಗ್ತಿದ್ದಂಗೆ ಚಂದ್ರೀನೂ ಮಗೂನೂ ಅಲ್ಲಿಗೇ ಕರ್ಕೊಳ್ಳೋದು. ಅಲ್ಲಿ ನಾನು ಕೂತ್ಕೋಬೋದು."

ಮತ್ತೆ ಅವನು ಜೇಡಿಮಣ್ಣು ಹೊತ್ತ, ಜಲ್ಲಿ ಹೊತ್ತ, ಪೈಪು ತೂತು ಕೊರೆದ. ಈ ಸಲ ಗೋಲಿ ಹೋದ ದಾರಿಯಲ್ಲೇ ನೀರೂ ಹೋಯಿತು. ಹೊನ್ನಜ್ಜಿಯ ಮನೆಯ ಗೋಡೆಗಳು ಕೆಳಗಿನಿಂದ ಮೇಲಕ್ಕೆ ಬಣ್ಣ ತಿರುಗುತ್ತ ಬಂದವು. ಚಂದ್ರಿ ಊಟದ ಡಬ್ಬಿ ತರುವ ನೆಪದಲ್ಲಿ ದಿನಾ ಬಂದು ಗೋಡೆಗೆ ಕೈಯಿಟ್ಟು ನೋಡುತ್ತಿದ್ದಳು. ತೊಟ್ಟಿಲು ಸಾಲದೆಂದು ಅವನು ಮಗಳಿಗೆ ಪುಟ್ಟ ಮಂಚ ಮಾಡಿ ಒಳಗಿಟ್ಟಿದ್ದ.

ಆ ಹೊತ್ತಿನಲ್ಲೇ ನಮ್ಮ ಚೊಂಬುಗಳು ಹೊರಟವು. ಅವನು ತಿಕ್ಕಿ ಕೊಟ್ಟ ಚೊಂಬುಗಳೇ. ಮೊದಲು ಹೋದವರು ಮೇಲ್ಬೀದಿಯ ಹಿರಿಯರಾದ ನಂಜೇಗೌಡರು, ಅವರ ಹಿಂದೆ ನಾವೊಂದಿಷ್ಟು ಜನ.

"ಹೆಂಗಿದ್ರೂ ನೀನು ಇಲ್ಲೇ ಇರ್ತೀಯಲ್ಲ ಮೌನೇಶಾ," ಎಂದರು ಗೌಡರು. "ಒಂದು ಮನೇದಾದ್ರೇನು, ಹತ್ತು ಮನೇದಾದ್ರೇನು. ಅಜ್ಜಿ ಹಿಡಿದಿರ್ಲಿಲ್ವಾ?"

"ಹತ್ತಾದ್ರೆ ನನ್ನ ಮಗು ಇಲ್ಲಿಗೆ ಬರಂಗಿಲ್ಲ ಗೌಡ್ರೆ. ತಗೊಂಡು ಹೋಗಿ."

ಗೌಡರು ಕಾಳಾಚಾರಿಯ ಹೆಸರೆತ್ತಿದರು, ರಕ್ತ ಎಲ್ಲಿ ಹೋಗುತ್ತದೆ ಎಂದರು. ಅವನು ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ. ಎಲ್ಲರೂ ಚೊಂಬು ಎತ್ತಿಕೊಂಡು ತಿರುಗಿದರು. ನಾನು ಎತ್ತಿಕೊಳ್ಳಲಿಲ್ಲ. ಮೆಟ್ಟಿಲ ಮೇಲೇ ಬಿಟ್ಟು ಬಂದೆ. ನಾಳೆ ಮನಸ್ಸು ಕರಗಬಹುದು, ಇರಲಿ ಎಂದುಕೊಂಡೆ. ಹಾಗೆ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಬಿಡಬಾರದು ಎಂದೂ ಯಾರೂ ಹೇಳಿರಲಿಲ್ಲ. ನನ್ನದನ್ನು ನೋಡಿ ಉಳಿದವರೂ ತಂದು ಇಟ್ಟರು. ಮೆಟ್ಟಿಲು ತುಂಬಿತು. ತಂದವರ ಹೊರತು ಬೇರೆಯವರು ಅವನ್ನು ಸುರಿಯದೆ ಎತ್ತುವಂತಿಲ್ಲವಾದ್ದರಿಂದ ಮೌನೇಶ ಅವುಗಳ ನಡುವೆ ಕಾಲಿಗೆ ಜಾಗ ಮಾಡಿಕೊಂಡು ಇಳಿದು ಹತ್ತುತ್ತಿದ್ದ. ತಗೊಂಡು ಹೋಗಿ ಅಕ್ಕ ಎಂದು ಎರಡು ಸಲ ನನ್ನ ಬಾಗಿಲಿಗೆ ಬಂದ. ನೋಡೋಣ ಎಂದೆ. ನನ್ನ ಗಿರಣಿಯ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಯುತ್ತಿತ್ತು.

ಗೋಡೆ ಒಣಗಿತು, ಶುಕ್ರವಾರ ಹಾಲು ಉಕ್ಕಿಸುತ್ತೇವೆ ಎಂದು ಚಂದ್ರಿ ಹೇಳಿದಳು. ಅದರ ಹಿಂದಿನ ದಿನ ನಾನು ಕೆಳಬೀದಿಗೆ ಹೋಗಿದ್ದೆ. ಚೊಂಬು ಎತ್ತಿಕೊಂಡು ಬರಲು ಹೋದೆನೋ, ಸುರಿದಿದ್ದಾನೋ ನೋಡಲು ಹೋದೆನೋ, ಈಗ ಕೇಳಿದರೆ ಒಂದನ್ನೇ ಹೇಳಲಾರೆ. ಮೌನೇಶ ಅಂಗಳದಲ್ಲಿ ಕೂತಿದ್ದ. ಅಲ್ಲಿ ಅವನು ಕೂರಬಹುದಿತ್ತು. ಚಂದ್ರಿ ಡಬ್ಬಿ ಬಿಚ್ಚುತ್ತಿದ್ದಳು. ಮಗಳು ಅಪ್ಪ ಕೂತದ್ದನ್ನು ಮೊದಲ ಸಲ ನೋಡಿ ಅವನ ಸುತ್ತ ಕುಣಿದಳು, ಬೆನ್ನು ಹತ್ತಿದಳು, ಇಳಿದಳು. ಆಮೇಲೆ ಉಣ್ಣುವ ಅಪ್ಪನಿಗೆ ನೀರು ಕೊಡಬೇಕೆಂದು ಅನ್ನಿಸಿತೋ ಏನೋ, ಮನೆಯಲ್ಲಿ ಅಮ್ಮ ಮಾಡುವುದನ್ನು ನೋಡಿದ್ದಳಲ್ಲ, ಮೆಟ್ಟಿಲಿಗೆ ಹೋಗಿ ಎರಡೂ ಕೈಯಿಂದ ಒಂದು ಚೊಂಬನ್ನು ಎತ್ತಿಕೊಂಡಳು. ಅಂಚು ನೆಗ್ಗಿದ್ದು. ಅದರ ಭಾರಕ್ಕೆ ಅವಳು ವಾಲಿದಳು, ನೀರು ಅಂಚಿಗೆ ಬಂತು.

ಮೌನೇಶ ಅನ್ನದ ಕೈಯಲ್ಲೇ ಎದ್ದು ಹಾರಿ ಅವಳ ಕೈಗೆ ಹೊಡೆದ. ಬಲವಾಗಿ ಹೊಡೆದ, ನನಗೆ ಕೇಳಿಸಿತು. ಒಂದು ಹನಿ ಬೀಳುವ ಮೊದಲೇ ಚೊಂಬನ್ನು ಕಿತ್ತುಕೊಂಡ. ಮಗಳು ಕೆಳಗೆ ಬಿದ್ದು, ಉಸಿರು ಕಟ್ಟಿ, ಆಮೇಲೆ ಅತ್ತಳು. ಅವನು ಚೊಂಬು ಹಿಡಿದು ಅಲ್ಲೇ ನಿಂತ. ಎತ್ತಿದ್ದನ್ನು ಕೆಳಗಿಡುವಂತಿಲ್ಲ. ಮರಳಿ ಮಗುವಿನ ಕೈಗೆ ಕೊಡುವಂತಿಲ್ಲ. ನನ್ನನ್ನು ನೋಡಿದ. ಅವನ ಮುಖದಲ್ಲಿ ಕೋಪವಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಸುರಿದುಕೊಂಡ.

ಆಮೇಲೆ ಮೆಟ್ಟಿಲ ಹತ್ತಿರ ಹೋಗಿ ಮುಂದಿನದನ್ನು ಎತ್ತಿದ.

"ಬ್ಯಾಡ ಕಣ್ರೀ," ಎಂದಳು ಚಂದ್ರಿ. "ಒಂದೇ ಅಲ್ವಾ, ಹೆಂಗೋ ತಡ್ಕೋಬೋದು."

"ಇವ್ರು ಯಾರೂ ತಗೊಂಡು ಹೋಗಲ್ಲ ಚಂದ್ರಿ. ನಾಳೆ ಇನ್ನೊಂದು ಎತ್ತುತಾಳೆ, ನಾನು ಇರಲ್ಲ." ಎರಡನೆಯದನ್ನೂ ಸುರಿದ, ಮೂರನೆಯದನ್ನೂ. ಮೆಟ್ಟಿಲು ಖಾಲಿಯಾಗುವವರೆಗೆ ನಿಲ್ಲಿಸಲಿಲ್ಲ. ಚಂದ್ರಿ ಮಗಳನ್ನು ಎತ್ತಿಕೊಂಡು ಹಲಗೆಯ ಮೇಲೆ ನಡೆದು ಹೋದಳು. ಅವಳು ಬೀದಿ ಮುಟ್ಟುವಾಗ ಮೋರಿಯಲ್ಲಿ ಇಳಿದು ಬರುತ್ತಿದ್ದ ಸದ್ದು ಕೇಳಿಸುತ್ತಿತ್ತು.

ಈಗಲೂ ಅವನು ದಿನಾ ಮಧ್ಯಾಹ್ನ ಮೇಲಿನ ಮನೆಗೆ ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ಮಗಳು ಅಮ್ಮನ ಸೆರಗಿನ ಹಿಂದೆ ನಿಂತು ನೋಡುತ್ತಾಳೆ. ಕೂತ್ಕೊ ಎನ್ನುವುದಿಲ್ಲ. ಮೊನ್ನೆ ನಂಜೇಗೌಡರ ಮೊಮ್ಮಗಳ ಮದುವೆಯಲ್ಲಿ ಅವನು ಚಪ್ಪರದ ಕಂಬಕ್ಕೆ ಬೆನ್ನು ಕೊಟ್ಟು, ಎಲೆಯನ್ನು ಕೈಮೇಲೆ ಹರವಿಕೊಂಡು ಉಂಡ. ಅವನಿಗೂ ಯಾರೂ ಕೂತ್ಕೊ ಎನ್ನಲಿಲ್ಲ.

ನನ್ನ ಗಿರಣಿಯ ನೆಲ ಒಣಗಿದೆ, ಮೋಟರನ್ನು ಇಟ್ಟಿಗೆಯಿಂದ ಇಳಿಸಿದ್ದೇನೆ, ರಾಗಿ ಬೀಸುತ್ತಿದ್ದೇನೆ. ಒಂದು ಅಚ್ಚು ಬೆಲ್ಲ ತಂದು ಗೂಡಿನಲ್ಲಿಟ್ಟು ಬಹಳ ದಿನವಾಯಿತು, ಇರುವೆ ಮುತ್ತಿದೆ. ಚೊಂಬು ತರಲು ನಾನು ಇನ್ನೂ ಹೋಗಿಲ್ಲ.